ಹಾಲು, ಕಫ, ಕೂಲಿ: ವಯನಾಡಿನ ಕೂಸುಗಳ ಉಸಿರಿನ ಚರಿತ್ರೆಗೊಂದು ಪ್ರವೇಶ

ಕನ್ನಡ ಎಂ.ಎ. ಓದುವವಳು ಹಾಲು, ಕೆಮ್ಮು, ನ್ಯುಮೋನಿಯಾ ಅಂತ ಯಾಕೆ ಮಾತಾಡಬೇಕು ಎಂದು ಕೆಲವರಿಗಾದರೂ ಅನ್ನಿಸಿರಬಹುದು. "ಹಾಲು ಕುಡಿದರೆ ಕಫ ಕಟ್ಟುತ್ತೆ" ಅನ್ನುವ ಮಾತು ಆಸ್ಪತ್ರೆಗೆ ಬರುವ ಮೊದಲು ಮನೆಯೊಳಗಿನ ಮಾತಾಗಿತ್ತು, ಅದಕ್ಕೂ ಮೊದಲು ಗ್ರಂಥಗಳ ಮಾತಾಗಿತ್ತು. ಆ ಮಾತಿನ ಜಾಡು ಹಿಡಿದು ಹೋಗುವುದು ನಮ್ಮ ವಿಭಾಗದ ಕೆಲಸವೇ ಎಂದು ನನ್ನ ನಂಬಿಕೆ.

ನಮ್ಮ ಮನೆಗಳಲ್ಲಿ ಹಾಲಿನ ಬಗ್ಗೆ ಎರಡು ಮಾತು ಒಟ್ಟಿಗೇ ನಡೆಯುತ್ತವೆ. ಮಗು ಕೆಮ್ಮಿದರೆ ರಾತ್ರಿ ಹಾಲು ಬೇಡ, ಬಾಳೆಹಣ್ಣು ಬೇಡ, ಮೊಸರಂತೂ ಬೇಡವೇ ಬೇಡ ಅನ್ನುತ್ತಾರೆ. ಅದೇ ಮನೆಯಲ್ಲಿ ಅದೇ ಕೆಮ್ಮಿಗೆ ಅರಿಸಿನ, ಮೆಣಸಿನ ಪುಡಿ ಹಾಕಿ ಹಾಲು ಕಾಯಿಸಿ ಕೊಡುತ್ತಾರೆ. ಇನ್ನೊಂದು ಕಡೆ ಸರ್ಕಾರ ಮಕ್ಕಳಿಗೆ ಹಾಲು ಕುಡಿಸುತ್ತಿದೆ. ಕರ್ನಾಟಕದಲ್ಲಿ ಕ್ಷೀರಭಾಗ್ಯ 2013ರ ಆಗಸ್ಟ್‌ನಲ್ಲಿ ಶುರುವಾಯಿತು. ಕೇರಳದಲ್ಲಿ ಅಂಗನವಾಡಿಗಳಿಗೆ ಹಾಲು, ಮೊಟ್ಟೆ ಕೊಡುವ 'ಪೋಷಕ ಬಾಲ್ಯಂ' 2022ರ ಆಗಸ್ಟ್‌ನಲ್ಲಿ ಶುರುವಾಯಿತು. ಹಾಲು ಮಗುವಿನ ಎದೆಗೆ ಒಳ್ಳೆಯದೋ ಕೆಟ್ಟದ್ದೋ ಅನ್ನುವ ಈ ವಾದದಲ್ಲಿ ಹಾಲೆಂದರೆ ಹಸುವಿನ ಹಾಲು ಅಂತಲೇ ಎಲ್ಲರೂ ಇಟ್ಟುಕೊಂಡಿದ್ದಾರೆ. ವಯನಾಡನ್ನು ಎದುರಿಗಿಟ್ಟುಕೊಂಡು ನೋಡಿದರೆ ಕೂಸಿನ ಉಸಿರಿಗೆ ಎಲ್ಲಕ್ಕಿಂತ ಹತ್ತಿರದ ಹಾಲು ತಾಯಿಯದು. ಆ ಹಾಲು ಕೂಸಿಗೆ ಯಾವ ಹೊತ್ತಿಗೆ ಸಿಗಬೇಕು ಅನ್ನುವುದನ್ನು ಇಲ್ಲಿ ಬಹುಕಾಲ ತೀರ್ಮಾನಿಸಿದ್ದು ಗದ್ದೆಯ ಕೆಲಸದ ಹೊತ್ತು. ಈ ಪ್ರಬಂಧದ ವಾದ ಇಷ್ಟೇ.

ವಯನಾಡು ನಮಗೆ ಹೊರಗಿನ ಊರಲ್ಲ. ಹೆಗ್ಗಡದೇವನಕೋಟೆ ಕಡೆಯ ಶಾಸನಗಳಲ್ಲಿ ಬರುವ ಬಯಲ್ನಾಡು ಇದೇ ಸೀಮೆಯನ್ನು ಒಳಗೊಂಡದ್ದು. ಕಪಿಲೆಯ ದಂಡೆಯ ಕಿತ್ತೂರು ಬಯಲ್ನಾಡಿನ ಕದಂಬರ ನೆಲೆ. ಸುಲ್ತಾನ್ ಬತ್ತೇರಿಯಲ್ಲಿ ಇವತ್ತಿಗೂ ಜೈನ ಬಸದಿ ನಿಂತಿದೆ, ಆ ಊರಿನ ಹಳೆಯ ಹೆಸರುಗಳಲ್ಲಿ ಒಂದು 'ಹನ್ನೆರಡು ಬೀದಿ'. ಕಲ್ಪೆಟ್ಟ, ಮಾನಂದವಾಡಿ ಸುತ್ತಮುತ್ತ ಕನ್ನಡದ ಬೇರಿರುವ ಜೈನ ಗೌಡರ ಮನೆತನಗಳಿವೆ. ಕಾಡಂಚಿನಲ್ಲಿ ಕಾಟುನಾಯ್ಕರಿದ್ದಾರೆ; ನಮ್ಮ ಕಡೆಯ ಜೇನುಕುರುಬರ ಮಾತಿಗೂ ಅವರ ಮಾತಿಗೂ ನಂಟು ಇದೆ. ಬೆಟ್ಟಕುರುಬರೂ ಇದ್ದಾರೆ. ಕೊಡಗಿನಲ್ಲಿ ಎರವರೆಂದು ಕರೆಸಿಕೊಳ್ಳುವವರು ಗಡಿ ದಾಟಿದರೆ ಅಡಿಯರು, ಪಣಿಯರು. 1956ರವರೆಗೆ ಈ ನಾಡು ಮದರಾಸು ರಾಜ್ಯದ ಮಲಬಾರ್ ಜಿಲ್ಲೆಯೊಳಗಿತ್ತು, 1980ರ ನವೆಂಬರ್ 1ರಂದು ಪ್ರತ್ಯೇಕ ಜಿಲ್ಲೆಯಾಯಿತು. 2011ರ ಜನಗಣತಿಯಂತೆ ಜನಸಂಖ್ಯೆಯಲ್ಲಿ ಶೇ. 18.5ರಷ್ಟು ಆದಿವಾಸಿಗಳು, ಕೇರಳದ ಬೇರಾವ ಜಿಲ್ಲೆಯಲ್ಲೂ ಇಷ್ಟು ಪ್ರಮಾಣವಿಲ್ಲ.

ಮೊದಲು ಗ್ರಂಥಗಳ ಕಡೆ ಹೋಗೋಣ. ಹಸುವಿಗೂ ಕೂಸಿಗೂ ಕನ್ನಡದಲ್ಲಿ ಪ್ರತ್ಯೇಕ ವೈದ್ಯಗ್ರಂಥಗಳಿವೆ ಎಂಬುದನ್ನು ಸಾಹಿತ್ಯ ಚರಿತ್ರೆ ಓದುವಾಗ ನಾವು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತೇವೆ. ಚಾಳುಕ್ಯ ರಾಜಕುಮಾರ ಕೀರ್ತಿವರ್ಮನ 'ಗೋವೈದ್ಯ' ಸುಮಾರು 1125ರದ್ದು. ದೇವೇಂದ್ರಮುನಿಯ 'ಬಾಲಗ್ರಹಚಿಕಿತ್ಸೆ' ಸುಮಾರು 1200ರದ್ದು. ಇಬ್ಬರೂ ಜೈನರು. ಪರೀಕ್ಷೆಗೆ ಹೆಸರು, ಕಾಲ ಬಾಯಿಪಾಠ ಮಾಡಿದ್ದೇ ಹೆಚ್ಚು. ಆದರೆ ಸ್ವಲ್ಪ ನಿಂತು ನೋಡಿದರೆ, ಹಾಲು ಕೊಡುವ ಪಶುವಿನ ಆರೋಗ್ಯಕ್ಕೊಂದು, ಹಾಲು ಕುಡಿಯುವ ಕೂಸಿನ ಆರೋಗ್ಯಕ್ಕೊಂದು ಎಂಬಂತೆ ನೂರು ವರ್ಷದೊಳಗೆ ಎರಡು ಪುಸ್ತಕ ಹುಟ್ಟಿವೆ.

ಬಾಲಗ್ರಹ ಅನ್ನುವ ಪರಿಕಲ್ಪನೆ ಕನ್ನಡಕ್ಕಿಂತ ಹಳೆಯದು. ಸುಶ್ರುತಸಂಹಿತೆಯ ಉತ್ತರತಂತ್ರ ಕೂಸುಗಳನ್ನು ಹಿಡಿಯುವ ಒಂಬತ್ತು ಗ್ರಹಗಳನ್ನು ಹೇಳುತ್ತದೆ. ಅವುಗಳಲ್ಲಿ ಒಂದು ಪೂತನಾ. ನಮಗೆ ಪೂತನಿ ಗೊತ್ತಿರುವುದು ಭಾಗವತದಿಂದ: ಎದೆಗೆ ವಿಷ ಸವರಿಕೊಂಡು ಗೋಕುಲಕ್ಕೆ ಬಂದು ಕೃಷ್ಣನಿಗೆ ಹಾಲೂಡಿಸಿದವಳು. ವೈದ್ಯದ ಪೂತನಾ ಮತ್ತು ಪುರಾಣದ ಪೂತನಿ ಒಂದೇ ಭಯದ ಎರಡು ರೂಪಗಳು ಅಂತ ನನಗನ್ನಿಸುತ್ತೆ: ಹೊರಗಿನಿಂದ ಬಂದ ಹೆಂಗಸಿನ ಹಾಲು ಕೂಸನ್ನು ಕೊಲ್ಲಬಹುದು ಎಂಬ ಭಯ. ತಮಾಷೆಯೆಂದರೆ ಅದೇ ವೈದ್ಯಪರಂಪರೆ ಹೊರಗಿನ ಹೆಂಗಸಿನ ಹಾಲನ್ನು ಗೊತ್ತುಮಾಡುವ ಕ್ರಮವನ್ನೂ ಹೇಳಿಕೊಡುತ್ತದೆ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಧಾತ್ರಿಯನ್ನು, ಅಂದರೆ ಹಾಲೂಡುವ ದಾದಿಯನ್ನು, ಆರಿಸುವ ಲಕ್ಷಣಗಳಿವೆ. ಮನೆಯವರ ವರ್ಣದವಳೇ ಆಗಿರಬೇಕು, ರೋಗವಿರಬಾರದು, ಹಾಲು ಸಮೃದ್ಧವಾಗಿರಬೇಕು. ಜೊತೆಗೆ ಅವಳ ಸ್ವಂತ ಮಗು ಬದುಕಿರಬೇಕು. ಹಾಲಿನ ಗುಣಕ್ಕೆ ಅವಳ ಮಗುವಿನ ಜೀವ ಸಾಕ್ಷಿ. ಅವಳು ಒಡೆಯರ ಕೂಸಿಗೆ ಹಾಲು ಕೊಡುವ ಹೊತ್ತಿನಲ್ಲಿ ಸಾಕ್ಷಿಯಾದ ಆ ಮಗು ಏನು ಕುಡಿಯುತ್ತಿತ್ತು? ಈ ಪ್ರಶ್ನೆಯನ್ನು ಇಲ್ಲೇ ಇಟ್ಟು ಮುಂದೆ ಹೋಗುತ್ತೇನೆ, ವಯನಾಡಿನ ಗದ್ದೆಯಲ್ಲಿ ಅದು ಮತ್ತೆ ಎದುರಾಗುತ್ತೆ.

ಸುಶ್ರುತ ಎಳೆಯರನ್ನು ಮೂರು ಬಗೆಯಾಗಿ ವಿಂಗಡಿಸುತ್ತಾನೆ. ವರ್ಷದವರೆಗೆ ಕ್ಷೀರಪ, ಎರಡರವರೆಗೆ ಕ್ಷೀರಾನ್ನಾದ, ಆಮೇಲೆ ಅನ್ನಾದ. ಹಾಲು ಕುಡಿಯುವುದು, ಹಾಲು-ಅನ್ನ ಎರಡನ್ನೂ ತಿನ್ನುವುದು, ಅನ್ನ ತಿನ್ನುವುದು. ವಯಸ್ಸನ್ನು ಆಹಾರದಿಂದ ಹೆಸರಿಸಿದ್ದು ಚೆನ್ನಾಗಿದೆ. ಕ್ಷೀರಪನಿಗೆ ಕಾಯಿಲೆ ಬಂದರೆ ಔಷಧ ತಾಯಿಗೆ ಅಥವಾ ಧಾತ್ರಿಗೆ. ಚರಕ ಮೊಲೆಹಾಲಿನ ಎಂಟು ದೋಷಗಳನ್ನು ಹೇಳುತ್ತಾನೆ, ಅವುಗಳಲ್ಲಿ ಕೆಲವು ಕಫದಿಂದ ಬರುವಂಥವು. ಮಗುವಿಗೆ ನೆಗಡಿಯಾದರೆ ಬಾಣಂತಿಗೆ ತಲೆಸ್ನಾನ ನಿಲ್ಲಿಸಿ, ಸೊಪ್ಪು ನಿಲ್ಲಿಸಿ, ನೀರು ಕೂಡ ಅಳೆದು ಕೊಡುವ ನಮ್ಮ ಪಥ್ಯಕ್ಕೆ ಬೇರು ಇಲ್ಲಿದೆ. ಗ್ರಂಥದ ಪಥ್ಯದಲ್ಲಿ ತಾಯಿಯನ್ನು ಪೋಷಿಸುವ ಭಾಗವೂ ಇತ್ತು. ಮನೆಗೆ ಇಳಿಯುತ್ತಾ ಇಳಿಯುತ್ತಾ ನಿಷೇಧಗಳು ಉಳಿದವು, ಪೋಷಣೆ ಉಳ್ಳವರ ಮನೆಯ ಬಾಣಂತನಕ್ಕೆ ಮೀಸಲಾಯಿತು. ಇನ್ನೊಂದು ವಿಷಯ: ಗ್ರಂಥದಲ್ಲಿ ಹಾಲೆಂದರೆ ಒಂದೇ ಹಾಲಲ್ಲ. ಹಸುವಿನದು ಸ್ನಿಗ್ಧ, ಎಮ್ಮೆಯದು ಇನ್ನೂ ಭಾರ, ಆಡಿನ ಹಾಲು ಲಘು, ಕೆಮ್ಮಿಗೂ ಕ್ಷಯಕ್ಕೂ ಹಿತ. "ಹಾಲು ಕಫ" ಎಂಬ ಎರಡು ಪದದ ಸೂತ್ರ ಗ್ರಂಥದ್ದಲ್ಲ, ಗ್ರಂಥದ ಸಾರ ಹಿಂಡಿ ಉಳಿದ ಸಿಪ್ಪೆ.

ಗಿಣ್ಣಿನ ಕತೆಯೂ ಇಲ್ಲೇ ಬರಬೇಕು. ಕರು ಹಾಕಿದ ಹಸುವಿನ ಮೊದಲ ಹಾಲನ್ನು ನಾವು ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಮಾಡಿ ನೆಂಟರಿಗೆಲ್ಲ ಹಂಚುತ್ತೇವೆ. ಹೆತ್ತ ತಾಯಿಯ ಮೊದಲ ಹಳದಿ ಹಾಲನ್ನು ಮಾತ್ರ ಎಷ್ಟೋ ಮನೆಗಳಲ್ಲಿ ಕೆಟ್ಟ ಹಾಲೆಂದು ಹಿಂಡಿ ಚೆಲ್ಲುತ್ತಿದ್ದರು, ಬದಲಿಗೆ ಸಕ್ಕರೆ ನೀರೋ ಜೇನೋ ನೆಕ್ಕಿಸುತ್ತಿದ್ದರು. ಆ ಹಳದಿ ಹಾಲಿನಲ್ಲಿ ಮೂಗು, ಗಂಟಲು, ಕರುಳಿನ ಒಳಪೊರೆಯನ್ನು ಕಾಯುವ ಪ್ರತಿಕಾಯಗಳು ಸಾಂದ್ರವಾಗಿ ಇರುತ್ತವೆ ಎಂಬುದು ಈಗ ಎಲ್ಲ ಆಶಾ ಕಾರ್ಯಕರ್ತೆಯರಿಗೂ ಗೊತ್ತು. ಜೇನಿನದು ಬೇರೆ ತೊಂದರೆ: ವರ್ಷ ತುಂಬದ ಕೂಸಿಗೆ ಜೇನಿನಲ್ಲಿರಬಹುದಾದ ಬೊಟುಲಿನಂ ಬೀಜಾಣುಗಳಿಂದ ಉಸಿರಾಟದ ಸ್ನಾಯುಗಳೇ ಸೋಲಬಹುದು. ಇದು ಅಪರೂಪ. ಆದರೂ ಬಜೆ ತೇಯ್ದು ಜೇನಿನಲ್ಲಿ ಕಲಸುವ ಮನೆಗಳಿಗೂ, ಜೇನೇ ಬದುಕಾಗಿರುವ ಹಾಡಿಗಳಿಗೂ ಹೇಳಲೇಬೇಕಾದದ್ದು.

ಒಳಲೆಯ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಿಘಂಟಿನಲ್ಲಿ ಈ ಪದ ಸಿಕ್ಕಿದ್ದರಿಂದಲೇ ಈ ಪ್ರಬಂಧ ಶುರುವಾಯಿತು. ಮೂತಿ ಚೂಪಾದ ಪುಟ್ಟ ಪಾತ್ರೆ. ಬೆಳ್ಳಿಯದೋ ಹಿತ್ತಾಳೆಯದೋ ಸ್ಟೀಲಿನದೋ. ಕೂಸಿಗೆ ಹಾಲು, ಔಷಧ ಕುಡಿಸುವುದಕ್ಕೆ. ತಮಿಳಿನಲ್ಲಿ ಪಾಲಾಡೈ. ಅವಧಿಗೆ ಮೊದಲು ಹುಟ್ಟಿ ಮೊಲೆ ಚೀಪಲಾರದ ಕೂಸುಗಳಿಗೆ ತಾಯಿಯ ಹಾಲನ್ನೇ ಹಿಂಡಿ ಕುಡಿಸಲು ಇವತ್ತು ದಕ್ಷಿಣ ಭಾರತದ ನವಜಾತ ಶಿಶು ಘಟಕಗಳಲ್ಲಿ ಬಳಸುವುದು ಇದನ್ನೇ. ನಿಪ್ಪಲ್ ಬಾಟಲಿಗಿಂತ ತೊಳೆಯಲು ಸುಲಭ, ಸಂದುಗೊಂದಿನಲ್ಲಿ ಹಾಲು ಉಳಿದು ಹುಳಿಯುವುದಿಲ್ಲ. ಹೀಗೆ ಒಳಲೆ ಉಸಿರಿನ ಪರ. ಅದೇ ಒಳಲೆ ಉಸಿರಿನ ವಿರುದ್ಧವೂ ಆಗುತ್ತೆ. ಕಾಲ ಮೇಲೆ ಅಂಗಾತ ಮಲಗಿಸಿ, ಅಳುವ ಕೂಸಿನ ಬಾಯಿಗೆ ಒತ್ತಾಯವಾಗಿ ಹುಯ್ದರೆ ಹಾಲು ಶ್ವಾಸನಾಳಕ್ಕೆ ಇಳಿಯುತ್ತೆ. ತುಪ್ಪ, ಎಣ್ಣೆ ಹೀಗೆ ಕುಡಿಸಿದ ಕೂಸುಗಳ ಶ್ವಾಸಕೋಶದಲ್ಲಿ ಜಿಡ್ಡು ಸೇರಿ ಬರುವ ನ್ಯುಮೋನಿಯಾವನ್ನು ದಕ್ಷಿಣ ಭಾರತದ ಮಕ್ಕಳ ವೈದ್ಯರು ದಾಖಲಿಸಿದ್ದಾರೆ. ಮನೆಯವರ ಕಣ್ಣಿಗೆ ಕಾಣುವುದೇನು? ಹಾಲು ಕುಡಿಸಿದ ಮೇಲೆ ಗಂಟಲು ಗೊರಗೊರ ಅಂತು, ಪಕ್ಕೆ ಎಳೆಯಿತು. "ಹಾಲು ಕಫ ಮಾಡಿತು" ಎಂಬ ಅನುಭವದ ಹಿಂದೆ ಕೆಲವು ಸಲ ಹೀಗೊಂದು ನಿಜವಾದ ಘಟನೆ ಇರುತ್ತೆ. ತಪ್ಪು ಹಾಲಿನದಲ್ಲ, ಕುಡಿಸಿದ ಭಂಗಿಯದು.

ಹಾಗಾದರೆ ಹಾಲಿನಿಂದ ಕಫ ಹೆಚ್ಚುವುದೇ ಇಲ್ಲವೇ? 1990ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಅರವತ್ತು ಸ್ವಯಂಸೇವಕರಿಗೆ ನೆಗಡಿಯ ವೈರಸ್ ತಗುಲಿಸಿ, ಅವರು ಕುಡಿದ ಹಾಲನ್ನೂ ಸುರಿದ ಸಿಂಬಳವನ್ನೂ ಲೆಕ್ಕ ಇಟ್ಟರು. ಸಿಂಬಳದ ತೂಕ ನೋಡುವುದು ಎಂಥ ಸಂಶೋಧನೆ ಅಂತ ನಗಬೇಡಿ, ಇಂಥದ್ದನ್ನು ಅಳೆಯದೆ ಗೊತ್ತಾಗುವುದಿಲ್ಲ. ಹಾಲು ಹೆಚ್ಚು ಕುಡಿದವರಿಗೆ ಸಿಂಬಳ ಹೆಚ್ಚಾಗಲಿಲ್ಲ. ಹಾಲು ಎಂಜಲಿನೊಡನೆ ಬೆರೆತು ಗಂಟಲಲ್ಲಿ ಮಂದವಾದಂತೆ ಅನ್ನಿಸುವುದು ಬೇರೆ, ಕಫ ಹುಟ್ಟುವುದು ಬೇರೆ. ಅವರು ದೊಡ್ಡವರು, ಕೂಸುಗಳಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು. ಹಸುವಿನ ಹಾಲಿನ ಪ್ರೋಟೀನು ಒಗ್ಗದ ಕೂಸುಗಳೂ ಇವೆ. ಅದರಿಂದ ಶ್ವಾಸಕೋಶವೇ ಕೆಡುವ ಹೈನರ್ ಸಿಂಡ್ರೋಮ್ ಎಂಬ ತೀರಾ ವಿರಳ ಕಾಯಿಲೆಯನ್ನು 1960ರ ದಶಕದ ಆರಂಭದಲ್ಲಿ ಗುರುತಿಸಿದರು. ಅಪವಾದಗಳಿವೆ ಅಂತ ಎಲ್ಲ ಮಕ್ಕಳ ಹಾಲು ನಿಲ್ಲಿಸುವುದು, ಅದರಲ್ಲೂ ಬೇರೆ ಪ್ರೋಟೀನು ಕಾಣದ ಮನೆಯಲ್ಲಿ ನಿಲ್ಲಿಸುವುದು, ಕೆಮ್ಮಿಗಿಂತ ದುಬಾರಿ.

ಈಗ ಗದ್ದೆಗೆ ಇಳಿಯೋಣ. ಮಾನಂದವಾಡಿ ಹತ್ತಿರದ ವಳ್ಳಿಯೂರುಕಾವಿನಲ್ಲಿ ಪ್ರತಿವರ್ಷ ಮಾರ್ಚ್ ಸುಮಾರಿಗೆ ಉತ್ಸವ. ಇವತ್ತು ಅದು ವಯನಾಡಿನ ದೊಡ್ಡ ಜಾತ್ರೆ. ಕಳೆದ ಶತಮಾನದ ಮಧ್ಯದವರೆಗೂ ಅಲ್ಲಿ ಅಡಿಯ, ಪಣಿಯ ಕುಟುಂಬಗಳನ್ನು ಮುಂದಿನ ವರ್ಷದ ಕೆಲಸಕ್ಕೆ ಗೊತ್ತುಮಾಡುತ್ತಿದ್ದರು. ದೇವಿಯ ಎದುರು ಮುಂಗಡ ಕೈಗೆ ಬಿತ್ತೆಂದರೆ ಒಂದು ವರ್ಷ ಆ ಒಡೆಯನ ಗದ್ದೆ ಬಿಟ್ಟು ಹೋಗುವಂತಿಲ್ಲ. ದಿನಗೂಲಿ ಭತ್ತದಲ್ಲಿ. ಒಡೆಯರಲ್ಲಿ ನಾಯರ್ ತರವಾಡುಗಳಿದ್ದವು, ಚೆಟ್ಟಿಗಳಿದ್ದರು, ಕನ್ನಡ ಮೂಲದ ಗೌಡರೂ ಇದ್ದರು. ಗಡಿನಾಡ ಕನ್ನಡದ ಬಗ್ಗೆ ಹೆಮ್ಮೆಯಿಂದ ಮಾತಾಡುವ ನಾವು ಈ ಸಾಲನ್ನೂ ಓದಿಕೊಳ್ಳಬೇಕು.

ಕರಾರು ಕುಟುಂಬಕ್ಕೆ ಆಗುತ್ತಿದ್ದುದರಿಂದ ಹೆಂಗಸಿನ ದುಡಿಮೆ ಅದರೊಳಗೇ ಸೇರಿತ್ತು. ನಾಟಿ, ಕಳೆ, ಕೊಯ್ಲು ಮೂರೂ ಮುಖ್ಯವಾಗಿ ಹೆಂಗಸರ ಕೆಲಸ. ವಯನಾಡಿನ ನಾಟಿ ಮುಂಗಾರಿನ ಸುರಿಮಳೆಯಲ್ಲಿ ನಡೆಯುವಂಥದ್ದು. ಹೆತ್ತವಳು ಕೆಸರಿನಲ್ಲಿ ಬಗ್ಗಿ ನಿಂತಿರುವಾಗ ಕೂಸು ಎಲ್ಲಿರುತ್ತೆ? ಬದುವಿನ ಮೇಲೆ, ಇಲ್ಲವೇ ಜೋಪಡಿಯಲ್ಲಿ ಆರೇಳು ವರ್ಷದ ಅಕ್ಕನ ಸೊಂಟದ ಮೇಲೆ. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಗಂಜಿಯ ಹೊತ್ತಿಗೆ ಸಿಕ್ಕರೆ ಒಂದು ಸಲ, ಸಂಜೆ ಒಂದು ಸಲ. ಎದೆಹಾಲಿನ ಉತ್ಪತ್ತಿ ಕೂಸು ಚೀಪುವ ಲೆಕ್ಕದ ಮೇಲೆ ನಿಂತಿದೆ. ಚೀಪುವುದು ಕಡಿಮೆಯಾದರೆ ಹಾಲೂ ಕಡಿಮೆಯಾಗುತ್ತೆ. ಆಗ ಗಂಜಿತಿಳಿ, ಕರಿಕಾಪಿ ಬೇಗ ಶುರುವಾಗುತ್ತೆ. ಇದನ್ನು ತಾಯಂದಿರ ಅಜ್ಞಾನ ಎಂದು ಬರೆದುಬಿಡುವುದು ಸುಲಭ. ಆಕೆಯ ಹೊತ್ತು ಆಕೆಯದಾಗಿರಲಿಲ್ಲ.

ನಮ್ಮ ಆಕರಗಳು ಈ ವಿಚಾರದಲ್ಲಿ ಬಡವಾಗಿವೆ. ಥರ್ಸ್ಟನ್ನನ 1909ರ ಏಳು ಸಂಪುಟಗಳು, ಸಿ. ಗೋಪಾಲನ್ ನಾಯರ್ ಅವರ 1911ರ ವಯನಾಡಿನ ಪುಸ್ತಕ ಇವೆಲ್ಲ ಕುಲ, ಮದುವೆ, ದೈವ, ಸಾವಿನ ಸಂಸ್ಕಾರಗಳ ಸುತ್ತ ಕಟ್ಟಿದವು. ಕೆ. ಪಾನೂರರ 'ಕೇರಳತ್ತಿಲೆ ಆಫ್ರಿಕ' 1963ರಲ್ಲಿ ಬಂದಾಗ ಜೀತದ ಬದುಕು ಮಲಯಾಳಂ ಓದುಗರ ಎದುರಿಗೆ ನಿಂತಿತು. ತಿರುನೆಲ್ಲಿಯನ್ನು ಹಿನ್ನೆಲೆಯಾಗಿಟ್ಟುಕೊಂಡ ಪಿ. ವತ್ಸಲಾ ಅವರ 'ನೆಲ್ಲ್' ಕಾದಂಬರಿ 1972ರದ್ದು. ತೃಶ್ಶಿಲೇರಿಯ ಅಡಿಯ ಸಮುದಾಯದಿಂದ ಬಂದ ಸಿ.ಕೆ. ಜಾನು ಅವರ ಆತ್ಮಕಥನ ಬರುವ ಹೊತ್ತಿಗೆ ಹೊಸ ಶತಮಾನ ಬಂದಿತ್ತು. ಕನ್ನಡದಲ್ಲಿ ತಾಯಿಹಾಲಿನ ಬಗ್ಗೆ ನಾವೆಲ್ಲ ಮೊದಲು ಕೇಳಿದ ಕತೆ ಗೋವಿನ ಹಾಡು. ಅಲ್ಲಿ ಪುಣ್ಯಕೋಟಿ ಹುಲಿಯನ್ನು ಕೇಳುವುದು ಪ್ರಾಣಭಿಕ್ಷೆಯನ್ನಲ್ಲ, ಕರುವಿಗೆ ಹಾಲು ಕೊಟ್ಟು ಬರುವಷ್ಟು ಸಮಯವನ್ನು. ಸತ್ಯದ ಕತೆ ಅಂತ ಪಾಠ ಮಾಡುತ್ತೇವೆ. ಹಾಲೂಡುವ ಹೊತ್ತಿಗಾಗಿ ರಜೆ ಕೇಳಿದ ಕತೆ ಅಂತಲೂ ಅದನ್ನು ಓದಬಹುದು, ಹುಲಿ ಕೊಟ್ಟ ರಜೆ.

ಕಾನೂನು ಆ ರಜೆಯನ್ನು ಕೊಟ್ಟಿದೆ, ಆದರೆ ಎಲ್ಲರಿಗೂ ಅಲ್ಲ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಐವತ್ತು ಹೆಂಗಸರು ದುಡಿಯುವ ತೋಟಗಳಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದಿತು. 1961ರ ಹೆರಿಗೆ ಸೌಲಭ್ಯ ಕಾಯ್ದೆ ಮಗುವಿಗೆ ಹದಿನೈದು ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡುವ ಬಿಡುವು ಕೊಟ್ಟಿತು. ಮೇಪ್ಪಾಡಿಯ ದೊಡ್ಡ ಚಹಾ ತೋಟಕ್ಕೆ ಇವು ಅನ್ವಯವಾಗುತ್ತಿದ್ದವು. ಪಕ್ಕದ ಬಯಲಿನ ಗದ್ದೆಗೆ ಅನ್ವಯವಾಗುತ್ತಿರಲಿಲ್ಲ. ಜೀತ ರದ್ದತಿ ಕಾಯ್ದೆ 1976ರಲ್ಲಿ ಬಂದ ಮೇಲೂ ಕೂಲಿ ಹೆಂಗಸಿಗೆ ಈ ಬಿಡುವು ದಕ್ಕಲಿಲ್ಲ.

ತಾಯಿಹಾಲು ತಪ್ಪಿದರೆ ಉಸಿರಿಗೆ ಏನಾಗುತ್ತೆ ಎಂಬುದಕ್ಕೆ ಲೆಕ್ಕ ಸಿಕ್ಕಿದ್ದು ಬೇರೆ ಖಂಡದಲ್ಲಿ. 1939ರಲ್ಲಿ ಸಿಂಗಪುರದ ರೋಟರಿ ಕ್ಲಬ್ಬಿನಲ್ಲಿ ಡಾಕ್ಟರ್ ಸಿಸಿಲಿ ವಿಲಿಯಮ್ಸ್ 'ಹಾಲು ಮತ್ತು ಕೊಲೆ' ಎಂಬ ಶೀರ್ಷಿಕೆಯಲ್ಲಿ ಮಾತಾಡಿದರು. ಡಬ್ಬಿಯ ಸಿಹಿ ಹಾಲನ್ನು ಕೂಸಿಗೆ ಯೋಗ್ಯವೆಂದು ಮಾರುವುದರ ವಿರುದ್ಧ. 1987ರಲ್ಲಿ ದಕ್ಷಿಣ ಬ್ರೆಜಿಲ್‌ನಲ್ಲಿ ಸೆಸಾರ್ ವಿಕ್ಟೋರಾ ಮತ್ತು ಸಂಗಡಿಗರು ಕೂಸುಗಳ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಬರೀ ಎದೆಹಾಲು ಕುಡಿದ ಕೂಸುಗಳಿಗೆ ಹೋಲಿಸಿದರೆ ಎದೆಹಾಲೇ ಇಲ್ಲದ ಕೂಸುಗಳು ಭೇದಿಯಿಂದ ಸಾಯುವ ಸಂಭವ ಸುಮಾರು 14 ಪಟ್ಟು, ಉಸಿರಾಟದ ಸೋಂಕಿನಿಂದ ಸಾಯುವ ಸಂಭವ 3.6 ಪಟ್ಟು. ಎದೆಹಾಲಿನ ಜೊತೆಗೆ ಪುಡಿಹಾಲೋ ಹಸುವಿನ ಹಾಲೋ ಸೇರಿದಾಗ ಉಸಿರಿನ ಲೆಕ್ಕ 1.6 ಪಟ್ಟು. ಅಂದರೆ ಇಲ್ಲಿ ಪ್ರಶ್ನೆ ಹಸುವಿನ ಹಾಲು ಕಫವೋ ಅಲ್ಲವೋ ಎಂಬುದಲ್ಲ. ಅದು ಯಾವುದರ ಜಾಗಕ್ಕೆ ಬಂತು ಎಂಬುದು. ವಿಶ್ವ ಆರೋಗ್ಯ ಸಂಸ್ಥೆ 2001ರಿಂದ ಮೊದಲ ಆರು ತಿಂಗಳು ಎದೆಹಾಲು ಮಾತ್ರ ಅನ್ನುತ್ತಿದೆ. ಭಾರತದಲ್ಲಿ 1992ರ ಕಾಯ್ದೆ ಡಬ್ಬಿಹಾಲಿನ ಜಾಹೀರಾತನ್ನು ತಡೆಯಿತು. ಅದು ಪುಡಿಹಾಲಿನ ಕಂಪನಿಗೆ ಹಾಕಿದ ಕಡಿವಾಣ. ಕೂಲಿಯ ಹೊತ್ತಿಗೆ ಅಂಥ ಕಡಿವಾಣವಿಲ್ಲ.

ಇನ್ನು ಹಸುವಿನ ಹಾಲು ಈ ನಾಡಿಗೆ ಬಂದ ಬಗೆ. ಹಳೆಯ ವಯನಾಡಿನಲ್ಲಿ ದನ ಇದ್ದದ್ದು ಮುಖ್ಯವಾಗಿ ಉಳುಮೆಗೆ, ಗೊಬ್ಬರಕ್ಕೆ. ಮೇಯಿಸುತ್ತಿದ್ದವರು ಪಣಿಯರ ಹುಡುಗರು, ದನ ಮಾತ್ರ ಒಡೆಯರದು. ಕಾಟುನಾಯ್ಕರ ಹಳೆಯ ಬದುಕು ಜೇನು, ಗೆಡ್ಡೆಗೆಣಸಿನ ಸುತ್ತ ಇತ್ತು. ಕರೆಯುವ ಹಸು ಅದರ ನಡುವೆ ಇರಲಿಲ್ಲ. 1940ರ ದಶಕದಿಂದ ತಿರುವಾಂಕೂರಿನ ವಲಸಿಗರು ಬಂದರು, ಕಾಡು ತೋಟವಾಯಿತು. 1961ರ ಕೇರಳದ ಜಾನುವಾರು ಸುಧಾರಣಾ ಕಾಯ್ದೆ, 1963ರಲ್ಲಿ ಇಡುಕ್ಕಿಯ ಮಾಟ್ಟುಪೆಟ್ಟಿಯಲ್ಲಿ ಆರಂಭವಾದ ಇಂಡೋ-ಸ್ವಿಸ್ ಯೋಜನೆ ಸೇರಿ ನಾಟಿ ದನದ ಜಾಗಕ್ಕೆ ಮಿಶ್ರತಳಿಯನ್ನು ತಂದವು. 1980ರಲ್ಲಿ ಮಿಲ್ಮಾ. ಮೆಣಸಿಗೆ ಸೊರಗು ರೋಗ ಬಡಿದು, ಬೆಲೆಯೂ ಬಿದ್ದು, ರೈತರ ಆತ್ಮಹತ್ಯೆಗಳು ಸುದ್ದಿಯಾದ 2000ದ ನಂತರದ ವರ್ಷಗಳಲ್ಲಿ ಸಣ್ಣ ಹಿಡುವಳಿಯವರನ್ನು ಹಿಡಿದು ನಿಲ್ಲಿಸಿದ್ದು ಹಾಲಿನ ವಾರದ ಬಟವಾಡೆ. ಇವತ್ತು ಕೇರಳದಲ್ಲಿ ಪಾಲಕ್ಕಾಡಿನ ನಂತರ ಹೆಚ್ಚು ಹಾಲು ಒದಗಿಸುವ ಜಿಲ್ಲೆ ಎಂದು ವಯನಾಡಿನ ಹೆಸರು ಬರುತ್ತೆ. ಆ ಹಾಲು ಬೆಳಿಗ್ಗೆ ಸಂಘದ ಡಬ್ಬಿಗೆ ಬಿದ್ದು ಟ್ಯಾಂಕರ್ ಹತ್ತುತ್ತೆ. ಹಸು ಇಲ್ಲದ ಹಾಡಿಯ ಮುಂದೆಯೇ ಟ್ಯಾಂಕರ್ ಹಾದುಹೋಗುತ್ತೆ.

ಪೂಕೋಡಿನ ಕತೆ ಇದಕ್ಕೆ ಒಂದು ನಮೂನೆ. ಜೀತದಿಂದ ಬಿಡುಗಡೆಯಾದ ಆದಿವಾಸಿ ಕುಟುಂಬಗಳಿಗೆ ನೆಲೆ ಮಾಡಿಕೊಡಲೆಂದು ಸರ್ಕಾರ ವೈತ್ತಿರಿ ಬಳಿಯ ಪೂಕೋಡಿನಲ್ಲಿ ಹೈನುಗಾರಿಕೆಯ ಯೋಜನೆಯೊಂದನ್ನು ಕೈಗೊಂಡಿತು. ಒಡೆಯರ ದನ ಮೇಯಿಸಿದವರಿಗೇ ಹಸು; ಇದಕ್ಕಿಂತ ಸರಿಯಾದ ಯೋಚನೆ ಏನಿದೆ? ಯೋಜನೆ ಸೊರಗಿತು. ಆ ನೆಲದ ಒಂದು ಭಾಗದಲ್ಲಿ ಪಶುವೈದ್ಯ ಕಾಲೇಜು ಎದ್ದಿತು, 2010ರಲ್ಲಿ ಕೇರಳ ಪಶುವೈದ್ಯಕೀಯ ಮತ್ತು ಪಶುವಿಜ್ಞಾನ ವಿಶ್ವವಿದ್ಯಾಲಯದ ಕೇಂದ್ರಸ್ಥಾನವೂ ಅದೇ ಆಯಿತು. ಕಾಲೇಜು ಬೇಡವಿತ್ತು ಅಂತ ನಾನು ಹೇಳುತ್ತಿಲ್ಲ. ಹಾಲಿನ ವಿಜ್ಞಾನ ಬಂದ ಜಾಗದಿಂದ ಹಾಲಿನ ಪಾಲುದಾರರು ಹೊರಗುಳಿದರು ಅನ್ನುವುದನ್ನು ಮಾತ್ರ ದಾಖಲಿಸುತ್ತಿದ್ದೇನೆ. ಪಕ್ಕದ ಲಕ್ಕಿಡಿ ಕೇರಳದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದು. ಆ ಮಳೆಯಲ್ಲಿ ಸೋರುವ ಮನೆ, ಒಳಗೆ ಹಸಿ ಸೌದೆಯ ಒಲೆ, ಒಲೆಯ ಬೆಚ್ಚಗೆಂದು ಅದರ ಪಕ್ಕದಲ್ಲೇ ಮಲಗಿಸಿದ ಕೂಸು. ಮನೆಯೊಳಗಿನ ಹೊಗೆ ಎಳೆಯ ಮಕ್ಕಳ ನ್ಯುಮೋನಿಯಾ ಸಂಭವವನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡುತ್ತೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಅಂಗನವಾಡಿಯ ಹಾಲಿಗೆ ಬರುತ್ತೇನೆ. 'ಪೋಷಕ ಬಾಲ್ಯಂ' ಶುರುವಾದಾಗ ವಾರಕ್ಕೆ ಎರಡು ದಿನ 125 ಮಿಲಿಲೀಟರ್ ಹಾಲು, ಎರಡು ದಿನ ಮೊಟ್ಟೆ ಕೊಡುತ್ತಿತ್ತು. ಒಳ್ಳೆಯ ಕೆಲಸ, ಮುಂದುವರಿಯಬೇಕು. ಅದು ಮೂರರಿಂದ ಆರು ವರ್ಷದವರಿಗೆ. ಉಸಿರಾಟದ ಸೋಂಕು ಕೊಲ್ಲುವುದು ಹೆಚ್ಚಾಗಿ ಮೊದಲ ವರ್ಷದಲ್ಲಿ, ಅದರಲ್ಲೂ ಮೊದಲ ಕೆಲವು ತಿಂಗಳಲ್ಲಿ. ಆರು ತಿಂಗಳಿಂದ ಮೂರು ವರ್ಷದವರಿಗೆ ಕುಟುಂಬಶ್ರೀ ಘಟಕಗಳು ತಯಾರಿಸುವ 'ಅಮೃತಂ ನ್ಯೂಟ್ರಿಮಿಕ್ಸ್' ಬರುತ್ತೆ. ಅದರ ಸೂತ್ರ ರೂಪಿಸಿದ್ದು ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ. ಆರು ತಿಂಗಳೊಳಗಿನ ಕೂಸಿಗೆ ಕೊಡಬೇಕಾದದ್ದು ಪೊಟ್ಟಣದಲ್ಲಿ ಬರುವುದಿಲ್ಲ. ಅದನ್ನು ತಾಯಿಗೆ ಕೂಲಿ ಸಮೇತ ಬಿಡುವಾಗಿ ಕೊಡಬೇಕು. 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲಿ, ಆರು ವರ್ಷದೊಳಗಿನ ಐದು ಮಕ್ಕಳು ಕೆಲಸದ ಜಾಗಕ್ಕೆ ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬಾಕೆಯನ್ನು ಕೂಲಿ ಕೊಟ್ಟು ನೇಮಿಸಬೇಕು ಅಂತ ಇತ್ತು. ಗದ್ದೆಯ ಬದುವಿನ ಮೇಲಿನ ಕೂಸು ಕಾನೂನಿನ ಕಣ್ಣಿಗೆ ಬಿದ್ದದ್ದು ಅಲ್ಲಿ. ನಾಲ್ಕು ಕೂಸುಗಳಿದ್ದರೆ ಬೀಳುತ್ತಿರಲಿಲ್ಲ.

ಸಂವಾದದಲ್ಲಿ ಎರಡು ಪ್ರಶ್ನೆಗಳು ಬಂದವು, ಅವುಗಳ ಉತ್ತರವನ್ನೂ ಇಲ್ಲಿ ಸೇರಿಸಿದ್ದೇನೆ.

ಮೊದಲನೆಯದು ಅಧ್ಯಾಪಕರೊಬ್ಬರದು: ಯುರೋಪಿನಲ್ಲಿ ಕಾಯಿಸದ ಹಾಲು ಕುಡಿದ ಕೂಸುಗಳಿಗೆ ನೆಗಡಿ ಕಡಿಮೆ ಅಂತ ಬಂದಿದೆಯಲ್ಲ, ಹಾಗಿದ್ದರೆ ಹಸುವಿನ ಹಾಲು ಉಸಿರಿಗೆ ಒಳ್ಳೆಯದೇ ಆಯಿತಲ್ಲವೇ? ಹೌದು ಸರ್, 2015ರ ಆ ಅಧ್ಯಯನ ಆಸ್ಟ್ರಿಯಾ, ಫಿನ್ಲೆಂಡ್, ಫ್ರಾನ್ಸ್, ಜರ್ಮನಿ, ಸ್ವಿಟ್ಜರ್ಲೆಂಡ್‌ಗಳ ಹಳ್ಳಿಗಾಡಿನ 983 ಕೂಸುಗಳದು. ಸಂಸ್ಕರಿಸದ ಹಸಿ ಹಾಲು ಕುಡಿದವರಲ್ಲಿ ಶೀತ, ಉಸಿರಾಟದ ಸೋಂಕು, ಜ್ವರ ಕಡಿಮೆ ಕಂಡವು. ಆದರೆ ಹಸಿ ಹಾಲು ಕುಡಿಸಿ ಎಂದು ಅದನ್ನು ಬರೆದವರೂ ಹೇಳಿಲ್ಲ. ರೋಗಾಣುಗಳನ್ನು ಕೊಂದು ಗುಣ ಉಳಿಸುವ ಸಂಸ್ಕರಣೆ ಹುಡುಕಬೇಕು ಎನ್ನುವುದು ಅವರ ದಾರಿ. ನಮ್ಮಲ್ಲಿ ದನಗಳಿಗೆ ಬ್ರುಸೆಲ್ಲಾ ಇದೆ, ಕ್ಷಯ ಇದೆ. ಕಾಯಿಸಿ ಕುಡಿಸುವ ನಮ್ಮ ಅಜ್ಜಿಯರ ಪದ್ಧತಿಯನ್ನು ಈ ಒಂದು ಅಧ್ಯಯನಕ್ಕಾಗಿ ಬಿಡಬೇಕಿಲ್ಲ.

ಎರಡನೆಯದು ಸಹಪಾಠಿಯೊಬ್ಬಳದು, ಮನೆಯಲ್ಲಿ ಎಂಟು ತಿಂಗಳ ಅಕ್ಕನ ಮಗು ಇದೆಯಂತೆ: ಕೊನೆಗೂ ಕೆಮ್ಮುವ ಮಗುವಿಗೆ ಹಾಲು ಕೊಡಬೇಕೋ ಬೇಡವೋ? ಎದೆಹಾಲನ್ನು ನಿಲ್ಲಿಸಲೇಬಾರದು, ಕೆಮ್ಮು ಇರುವಾಗ ಇನ್ನಷ್ಟು ಸಲ ಕೊಡಬೇಕು, ಸ್ವಲ್ಪಸ್ವಲ್ಪವಾಗಿ, ತಲೆ ಎತ್ತಿ ಹಿಡಿದು. ಅದರ ಜೊತೆ ಬೇರೆ ಊಟವೂ ನಡೆಯಲಿ. ಮತ್ತೆ ಮಗು ಮಲಗಿದ್ದಾಗ ಅಂಗಿ ಎತ್ತಿ, ಒಂದು ನಿಮಿಷ ಪೂರ್ತಿ ಉಸಿರು ಎಣಿಸು. ಎರಡು ತಿಂಗಳು ತುಂಬದ ಕೂಸಿಗೆ 60, ಎರಡು ತಿಂಗಳಿಂದ ವರ್ಷದವರೆಗೆ 50, ಅಲ್ಲಿಂದ ಐದು ವರ್ಷದವರೆಗೆ 40. ಎಣಿಕೆ ಅಲ್ಲಿಗೆ ಮುಟ್ಟಿದರೆ, ಪಕ್ಕೆ ಒಳಕ್ಕೆ ಎಳೆದರೆ, ಹಾಲು ಕುಡಿಯುವುದನ್ನೇ ಬಿಟ್ಟರೆ ಹಾಲಿನ ವಾದ ಬಿಟ್ಟು ಆಸ್ಪತ್ರೆಗೆ ಹೊರಡಿ ಅಂತ ಅಕ್ಕನಿಗೆ ಹೇಳು.